ಅಡುಗೆಮನೆಗೆ ಕಾಲಿಡದ ನೀರು

ಮೈಸೂರು ಮುಳುಗಿದ್ದು ಒಂದು ಮಂಗಳವಾರ ಬೆಳಿಗ್ಗೆ, ಜನ ಎರಡನೇ ಕಾಫಿ ಕುಡಿಯುವ ಹೊತ್ತಿಗೆ. ಬೇರೆ ಊರಾಗಿದ್ದರೆ ಎದ್ದುಬಿದ್ದು ಓಡುತ್ತಿದ್ದರು. ನಮ್ಮವರು ಲೋಟ ಕೆಳಗಿಟ್ಟು, "ಇದೇನ್ರೀ ಇದು, ಹೇಳದೆ ಕೇಳದೆ?" ಎಂದು ಪಕ್ಕದ ಮನೆಯವರನ್ನು ವಿಚಾರಿಸಿದರು. ಅವರಿಗೂ ಗೊತ್ತಿಲ್ಲ ಎಂದು ಖಾತ್ರಿಯಾದ ಮೇಲೆ ಬಾಗಿಲಿಗೆ ಬೀಗ ಹಾಕಿ, ಒಮ್ಮೆ ಜಗ್ಗಿ ನೋಡಿ, ಚಾಮುಂಡಿ ಬೆಟ್ಟದ ದಾರಿ ಹಿಡಿದರು. ನೀರು ಬಂದರೆ ಬೀಗ ಯಾಕೆ ಎಂದು ನನ್ನನ್ನು ಕೇಳಬೇಡಿ. ನಾನೂ ಹಾಕಿ ಬಂದವನೇ.

ಹಿಂದೆ ಬರುತ್ತಿದ್ದ ನೀರಿಗೂ ಅವಸರವಿರಲಿಲ್ಲ. ಮಂಡಿನೋವಿನ ಅಜ್ಜಿಯರು ಬೆಟ್ಟದ ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಂಡರೆ, ಅದೂ ಕೆಳಗಿನ ಮೆಟ್ಟಿಲಲ್ಲಿ ನಿಂತು ಕಾಯುತ್ತಿತ್ತು. ಅವರು ಎದ್ದರೆ ಅದೂ ಏಳುತ್ತಿತ್ತು. ಹೀಗಾಗಿ ಒಬ್ಬರಿಗೂ ಏನೂ ಆಗಲಿಲ್ಲ, ಒಂದು ಬೀದಿನಾಯಿ ಕೂಡ ಕೊಚ್ಚಿಕೊಂಡು ಹೋಗಲಿಲ್ಲ. ಸಂಜೆ ಮೇಲಿಂದ ನೋಡಿದರೆ ಅರಮನೆಯ ಗೋಪುರಗಳು, ದೊಡ್ಡ ಗಡಿಯಾರದ ನೆತ್ತಿ, ಚರ್ಚಿನ ಎರಡು ಮೊನೆ, ಇಷ್ಟು ಬಿಟ್ಟರೆ ಊರೇ ಇರಲಿಲ್ಲ.

ಬೆಟ್ಟದ ಮೇಲೆ ತಕ್ಷಣ ಒಂದು ಜಲನಿವಾರಣಾ ಸಮಿತಿ ಹುಟ್ಟಿಕೊಂಡಿತು. ಅದಕ್ಕೆ ಅಧ್ಯಕ್ಷರು ನಜರ್‌ಬಾದಿನ ದೊರೆಸ್ವಾಮಿ. ಅವರ ಮುತ್ತಾತ ಅರಮನೆಯಲ್ಲಿ ಛತ್ರಿ ಹಿಡಿಯುತ್ತಿದ್ದರಂತೆ. ಆದ್ದರಿಂದ ನೀರಿನ ವಿಷಯ ತಮ್ಮ ಮನೆತನಕ್ಕೆ ಹೊಸದಲ್ಲ ಎಂದು ಅವರೇ ಹೇಳಿಕೊಂಡರು, ಯಾರೂ ಎದುರಾಡಲಿಲ್ಲ. ಸಮಿತಿ ಮೊದಲ ಸಭೆಯಲ್ಲಿ ನೀರನ್ನು ಖಂಡಿಸಿತು. ಎರಡನೆಯದರಲ್ಲಿ, ಖಂಡನೆಯನ್ನು ನೀರಿಗೆ ಹೇಗೆ ತಲುಪಿಸುವುದು ಎಂದು ಚರ್ಚಿಸಿತು. ಆ ಚರ್ಚೆ ಮುಗಿಯಲೇ ಇಲ್ಲ.

ದೊರೆಸ್ವಾಮಿಯವರ ಅತ್ತಿಗೆ ಶಾರದಮ್ಮ ಮಾತ್ರ ಯಾವ ಸಭೆಗೂ ಬರಲಿಲ್ಲ. ಒಂದು ಮೆಟ್ಟಿಲ ಮೇಲೆ ಊರಿಗೆ ಬೆನ್ನು ಹಾಕಿ ಕೂತಿದ್ದರು. ನೀರು ಬಂದ ಗಳಿಗೆಯಿಂದ ಅವರು ಒಂದು ಮಾತೂ ಆಡಿರಲಿಲ್ಲ.

ಇದು ಎಂಥ ಅನಾಹುತ ಎಂದು ನಿಮಗೆ ತಿಳಿಯಬೇಕಾದರೆ ಶಾರದಮ್ಮನವರ ಬಾಯಿ ಎಂಥದ್ದು ಎಂದು ಗೊತ್ತಿರಬೇಕು. ಬೆಳಿಗ್ಗೆ ಎದ್ದರೆ ಹಾಲಿನ ಪಾತ್ರೆಯ ಜೊತೆ ಮಾತು, ಕಾಗೆಯ ಜೊತೆ ಮಾತು, ಕೆಟ್ಟುಹೋದ ಮಿಕ್ಸಿಗೆ ಬುದ್ಧಿವಾದ. ಎದುರಿಗೆ ಸಿಕ್ಕವರನ್ನೆಲ್ಲ "ಮನೆ ಕಡೆ ಬನ್ನಿ" ಎಂದು ಕರೆಯುವುದಂತೂ ಅವರಿಗೆ ಉಸಿರಾಟದಷ್ಟು ಸಹಜ. ಗ್ಯಾಸ್ ಸಿಲಿಂಡರ್ ತಂದವನನ್ನು ಕರೆಯುತ್ತಿದ್ದರು. ರಾಂಗ್ ನಂಬರಿನಲ್ಲಿ ಫೋನ್ ಮಾಡಿದವರನ್ನೂ ಒಮ್ಮೆ ಕರೆದಿದ್ದರು. ಹಾಗೆ ನೋಡಿದರೆ ನಮ್ಮೂರಿನಲ್ಲಿ ಎಲ್ಲರೂ ಎಲ್ಲರನ್ನೂ ಕರೆಯುತ್ತಾರೆ. ಕರೆದವರು ಮರೆಯುತ್ತಾರೆ, ಕರೆಸಿಕೊಂಡವರು ಬರುವುದಿಲ್ಲ, ಊರು ಸುಖವಾಗಿ ನಡೆದುಕೊಂಡು ಹೋಗುತ್ತದೆ. ಶಾರದಮ್ಮನವರು ಮಾತ್ರ ನಿಜವಾಗಿ ಕರೆಯುತ್ತಿದ್ದರು. ಯಾರಾದರೂ ಬಂದಾರು ಎಂದು ಹಗಲು ಹೊತ್ತು ಬಾಗಿಲು ಕೂಡ ಹಾಕುತ್ತಿರಲಿಲ್ಲ.

ಅವರ ಮೊಮ್ಮಗಳು ಲಹರಿ, ಐದನೇ ಕ್ಲಾಸು. ಆ ಮಾತಿನ ಕೆಳಗೇ ಬೆಳೆದವಳು. ಅಜ್ಜಿ ಬೈದರೆ ಊಟ, ಅಜ್ಜಿ ಕಥೆ ಹೇಳಿದರೆ ನಿದ್ದೆ. ಈಗ ಎರಡೂ ಇಲ್ಲ. ಅಜ್ಜಿಯ ಮುಂದೆ ಕೂತು ಬೇಕೆಂದೇ ಅನ್ನ ಚೆಲ್ಲಿದಳು. ಅಜ್ಜಿ ಬೈಯಲಿಲ್ಲ. ಲಹರಿಗೆ ಅಳು ಬಂತು. ಊರು ಮುಳುಗಿದ್ದಕ್ಕೆ ಅವಳು ಅತ್ತಿರಲಿಲ್ಲ, ಇದಕ್ಕೆ ಅತ್ತಳು. ಡಾಕ್ಟರು ಬಂದು ಅಜ್ಜಿಯ ಬಾಯಿ ತೆರೆಸಿ, ಟಾರ್ಚ್ ಬಿಟ್ಟು ನೋಡಿ, "ನಾಲಿಗೆ ಇದೆ" ಎಂದು ತಿಳಿಸಿ ಹೋದರು.

ಪಕ್ಕದ ಬಂಡೆಯ ಮೇಲೆ ರಾಜೀವನಗರದಿಂದ ಬಂದ ಅನುಪಮಾಳ ಮನೆಯವರು ಬಿಡಾರ ಹೂಡಿದ್ದರು. ಅನುಪಮಾ ಲಹರಿಯ ಕ್ಲಾಸಿನವಳೇ. ನೇರ ಪ್ರಶ್ನೆ ಕೇಳಿ ಮೇಷ್ಟ್ರುಗಳಿಂದ ಬೈಸಿಕೊಳ್ಳುವುದರಲ್ಲಿ ಅವಳದು ಎತ್ತಿದ ಕೈ.

"ನಮ್ಮಪ್ಪ ಅರ್ಜೆಂಟಲ್ಲಿ ಕನ್ನಡಕ ಬುಟ್ಟು ಬಂದವ್ರೆ," ಎಂದಳು ಅನುಪಮಾ. "ಪಕ್ಕದ್ಮನೆ ಸುನಿಲಣ್ಣ ಹಲ್ಲಿನ ಸೆಟ್ ಬುಟ್ಟು ಬಂದವ್ರೆ. ನಿಮ್ಮಜ್ಜಿ ಮಾತು ಬುಟ್ಟು ಬಂದವ್ರೆ ಕಣೇ."

"ಮನೇಲೇ ಇರುತ್ತೆ ಅಂತೀಯಾ?"

"ಇನ್ನೆಲ್ಲಿ ಓಗುತ್ತೆ? ಓಗಿ ತಗಂಬರಣ ಬಾ."

ಲಹರಿಗೂ ಇದು ಸರಿ ಎನ್ನಿಸಿತು. ಸಮಿತಿಯ ಯಾವ ನಿರ್ಣಯಕ್ಕಿಂತಲೂ ಇದರಲ್ಲಿ ಹೆಚ್ಚು ಅರ್ಥವಿತ್ತು ಎಂದು ನನ್ನ ಅಭಿಪ್ರಾಯ.

ಆರನೆಯ ದಿನ, ದೊಡ್ಡವರು ಮಧ್ಯಾಹ್ನದ ಊಟದ ಮೇಲೆ ಕಣ್ಣು ಮುಚ್ಚಿದಾಗ ಇಬ್ಬರೂ ಮೆಟ್ಟಿಲಿಳಿದರು. ಅಜ್ಜಿಯರ ಹಿಂದೆಯೇ ಮೆಟ್ಟಿಲು ಹತ್ತಿದ್ದ ನೀರು ಬೆಟ್ಟದ ನಂದಿಗೆ ಕುತ್ತಿಗೆಯವರೆಗೆ ಬಂದಿತ್ತು, ಅದರ ಮುಖ ನೋಡಿದರೆ ಬೇಸರವೇನೂ ಕಾಣಲಿಲ್ಲ. ಲಹರಿ ಮೂಗು ಹಿಡಿದುಕೊಂಡು ಇಳಿದಳು. ನೀರು ಸೊಂಟಕ್ಕೆ ಬಂತು, ಕುತ್ತಿಗೆಗೆ ಬಂತು, ಮೂಗಿನ ಹತ್ತಿರ ಬಂದು ನಿಂತಿತು. ಕೈ ತೆಗೆದರೂ ಒಳಗೆ ಬರಲಿಲ್ಲ. ತಲೆ ಮುಳುಗಿದ ಮೇಲೂ ಮೂಗಿನ ಮುಂದೆ, ಬಾಯಿಯ ಮುಂದೆ ಒಂದು ಗೇಣು ಜಾಗ ಬಿಟ್ಟು ಅತ್ತಿತ್ತ ಸರಿದುಕೊಂಡಿತ್ತು. ಅನುಪಮಾ ಸೀನಿದಾಗ ಇನ್ನೂ ಒಂದಿಷ್ಟು ದೂರ ಸರಿಯಿತು.

"ಕೇಳ್ದೆ ಒಳೀಕೆ ಬರಾಕಿಲ್ಲ ಇದು," ಎಂದಳು ಅನುಪಮಾ. "ನಮ್ಮ ಚಿಕ್ಕಪ್ಪನಿಗಿಂತ ವಾಸಿ."

ಬೆಟ್ಟದ ಬುಡದಲ್ಲಿ ಒಂದು ಸಿಟಿ ಬಸ್ಸು ನಿಂತಿತ್ತು. ಕಂಡಕ್ಟರ್ ಜವರಯ್ಯ ಬಾಗಿಲಲ್ಲಿ ನಿಂತು ಸೀಟಿ ಊದುತ್ತಿದ್ದ. ಊರು ಮುಳುಗಿದರೆ ಟ್ರಿಪ್ ನಿಲ್ಲಿಸಬೇಕು ಎಂದು ಅವನಿಗೆ ಯಾರೂ ಹೇಳಿರಲಿಲ್ಲವಂತೆ. ಬಸ್ಸು ಹತ್ತಿದ ಮೀನುಗಳು ಬಾಗಿಲ ಹತ್ತಿರವೇ ಗುಂಪುಗೂಡಿದ್ದವು.

"ಮುಂದಕ್ಕೆ ಓಗ್ರೀ, ಮುಂದೆ ಜಾಗ ಐತೆ!" ಎಂದು ಅವುಗಳಿಗೆ ಕೂಗಿ, ಮಕ್ಕಳನ್ನು ಕಂಡ ಕೂಡಲೇ ಅವನು ಗೋಳು ತೋಡಿಕೊಂಡ. "ನೋಡ್ರವ್ವ, ಎಂಗಸ್ರಿಗೆ ಫ್ರೀ ಅಂತ ಸರ್ಕಾರ ಏಳ್ಬುಡ್ತು. ಇವುಗಳಲ್ಲಿ ಎಣ್ಣು ಯಾವ್ದು ಗಂಡು ಯಾವ್ದು ಅಂತ ನಾನು ಎಂಗೆ ಕಂಡಿಡೀಲಿ? ಕೇಳಿದ್ರೆ ಎಲ್ಲಾ ಬಾಯಿ ಬಾಯಿ ಬಿಡ್ತವೆ."

ಬಸ್ಸು ಹೊರಟಿತು. ಕಿಟಕಿಯ ಹೊರಗೆ ಊರು ಹೇಗಿತ್ತೋ ಹಾಗೇ ಇತ್ತು, ಸ್ವಲ್ಪ ಹಸಿರಾಗಿ. ಬೀಗ ಹಾಕಿದ ಮನೆಗಳ ಒಳಗೆ ಒಂದು ತೊಟ್ಟೂ ನೀರಿರಲಿಲ್ಲ. ಗಾಜಿನ ಕಿಟಕಿಗಳ ಆಚೆ ಒಣಗಿದ ಸೋಫಾಗಳು, ಹರಡಿದ ಪೇಪರು, ಆರಿಸದೆ ಬಂದ ಫ್ಯಾನು ಇನ್ನೂ ತಿರುಗುತ್ತಿರುವುದು ಕಾಣುತ್ತಿತ್ತು. ನೀರು ಗೇಟಿನ ಹತ್ತಿರ ಬಂದು, ಬೀಗ ನೋಡಿ, ಸುಮ್ಮನೆ ಬೀದಿಯಲ್ಲೇ ನಿಂತುಕೊಂಡಿತ್ತು. ಅಂದರೆ ಬೀಗ ಹಾಕಿದ ನಾವೇ ಬುದ್ಧಿವಂತರು. ಈ ಮಾತನ್ನು ನಾನು ಆಮೇಲೆ ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ನಜರ್‌ಬಾದಿನಲ್ಲಿ ಇಳಿದು ಇಬ್ಬರೂ ಲಹರಿಯ ಮನೆಗೆ ನಡೆದರು. ಬೀದಿಯಲ್ಲೆಲ್ಲ ತೆರೆದಿದ್ದದ್ದು ಅದೊಂದೇ ಬಾಗಿಲು. ಹೊಸಲಿನ ಮುಂದೆ ನೀರು ಬಂದ ದಿನ ಬೆಳಿಗ್ಗೆ ಅಜ್ಜಿ ಹಾಕಿದ್ದ ರಂಗೋಲಿ ಒಂದು ಎಳೆಯೂ ಅಳಿಸದೆ ಹಾಗೇ ಇತ್ತು. ನೀರು ಅದನ್ನು ತುಳಿಯದೆ ಪಕ್ಕದಿಂದ ದಾಟಿಕೊಂಡು ಒಳಗೆ ಹೋಗಿತ್ತು. ಹಾಲ್ ಪೂರ್ತಿ ನೀರು. ಆದರೆ ಅಡುಗೆಮನೆಯ ಬಾಗಿಲಲ್ಲಿ ಅದು ಗೋಡೆ ಕಟ್ಟಿದ ಹಾಗೆ ನಿಂತುಬಿಟ್ಟಿತ್ತು. ಆಚೆ ಅಡುಗೆಮನೆ ಒಣಗಿ ಬೆಚ್ಚಗಿತ್ತು.

ಹಾಲಿನ ಬೆತ್ತದ ಕುರ್ಚಿಯ ತುದಿಯಲ್ಲಿ, ಪೂರ್ತಿ ಒರಗದೆ, ಬೆನ್ನು ನೆಟ್ಟಗೆ ಮಾಡಿಕೊಂಡು ಒಬ್ಬ ಹೆಂಗಸು ಕೂತಿದ್ದಳು. ಮೈಯೆಲ್ಲ ನೀರೇ. ಸೀರೆಯೂ ನೀರು, ಸೆರಗಿನಲ್ಲಿ ಸಣ್ಣ ಸಣ್ಣ ಸುಳಿಗಳು ತಿರುಗುತ್ತಿದ್ದವು. ತೊಡೆಯ ಮೇಲೆ ಒಂದು ದೊಡ್ಡ ಬ್ಯಾಗು. ಹೆಜ್ಜೆಯ ಸದ್ದಾದ ಕೂಡಲೇ ಎದ್ದು ನಿಂತಳು.

"ಸಾರದಮ್ಮೋರು ಬಂದ್ರಾ?" ಎಂದು ಆಸೆಯಿಂದ ಕೇಳಿ, ಮಕ್ಕಳನ್ನು ನೋಡಿ ಮತ್ತೆ ಕೂತಳು. "ಓ, ನೀವಾ ಮಕ್ಕಳೇ."

"ನೀವ್ಯಾರು?" ಎಂದಳು ಲಹರಿ.

"ಕಾವೇರಿ ಕಣವ್ವ. ಶ್ರೀರಂಗಪಟ್ಣದ ಕಡೆಯಿಂದ ಬಂದಿವ್ನಿ. ಓದ್ ವರ್ಸ ನಿಮ್ಮಜ್ಜಿ ಸ್ನಾನಘಟ್ಟಕ್ಕೆ ಬಂದಿದ್ರಲ್ಲ, 'ನಮ್ಮನೇಗೂ ಒಂದ್ಸಲ ಬನ್ನಿ' ಅಂತ ಕರೆದ್ರು. ಎಷ್ಟೋ ಕಾಲದಿಂದ ಜನ ಬತ್ತಾರೆ, ಬಾಗಿನ ಬುಡ್ತಾರೆ, ಮಳೆ ಕೊಡು, ಸೈಟು ಕೊಡು, ಮಗನಿಗೆ ಕೆಲ್ಸ ಕೊಡು ಅಂತಾರೆ. ಮನೇಗೆ ಬಾ ಅಂತ ಒಬ್ರೂ ಅಂದಿರ್ನಿಲ್ಲ. ಅದ್ಕೇ ಬಂದ್ಬುಟ್ಟೆ."

ಅನುಪಮಾ ಸೊಂಟದ ಮೇಲೆ ಕೈಯಿಟ್ಟಳು. "ಬಂದಿದ್ದು ಸರಿ. ಅದಕ್ಕೆ ಊರೆಲ್ಲಾ ಯಾಕ್ ಮುಳುಗಿಸಿದ್ರಿ?"

ಕಾವೇರಿಗೆ ನಾಚಿಕೆಯಾಯಿತು. ಮುಖದಲ್ಲಿ ಒಂದು ಅಲೆ ಹಾದುಹೋಯಿತು. "ಒಬ್ಬಳೇ ಬರಾನ ಅಂತಲೇ ಒಂಟಿದ್ದೆ ಕಣವ್ವ. ದಾರೀಲಿ ಏಮಾವತಿ ನಾನೂ ಬತ್ತೀನಿ ಅಂದ್ಲು. ಅವಳ್ನ ಕರಕೊಂಡ್ರೆ ಲಕ್ಷ್ಮಣತೀರ್ಥಂಗೆ ಬ್ಯಾಸರ. ಕಪಿಲೆ ಕರೀದೇನೇ ಬಂದ್ಲು. ಎಲ್ಲಾರೂ ಅರಮನೆ ನೋಡ್ಕೊಂಡ್ ಬತ್ತೀವಿ ಅಂತ ಓಗವ್ರೆ. ನಾನು ಇಲ್ಲೇ ಕಾಯ್ತಾ ಕುಂತಿವ್ನಿ. ಒಂದು ವಾರ ಆಗ್ತಾ ಬಂತು, ಮನೆಯೋರು ಒಬ್ರೂ ಇಲ್ಲ, ಬನ್ನಿ ಅನ್ನೋರಿಲ್ಲ, ಕುಂತ್ಕಳಿ ಅನ್ನೋರಿಲ್ಲ."

ಕರೆದದ್ದು ಒಬ್ಬಳನ್ನು, ಬಂದದ್ದು ಸಂಸಾರ ಸಮೇತ. ಲಹರಿಗೆ ಇದು ಅರ್ಥವಾಯಿತು, ಅವಳ ಅತ್ತೆಯೂ ಹಾಗೇ ಬರುತ್ತಿದ್ದರು.

"ಹಾಗಾದ್ರೆ ವಾಪಸ್ ಹೋಗಬಹುದಿತ್ತಲ್ಲ?"

"ಎಂಗೆ ಓಗ್ಲಿ? ಮುತ್ತೈದೆ ಎಂಗಸು, ಬಂದ ಮನೇಲಿ ಅರಿಸಿನ ಕುಂಕುಮ ತಗಳ್ದೆ ಎದ್ದೋದ್ರೆ ಆ ಮನೇಗೆ ಒಳ್ಳೇದಲ್ಲ. ನಂಗೇನೂ ಇಲ್ಲಿ ಕುಂತಿರಾಕೆ ಆಸೆ ಇಲ್ಲ ಕಣವ್ವ, ಅಲ್ಲಿ ಗದ್ದೆ ಬಯಲೆಲ್ಲ ಕಾಯ್ತಾ ಅವೆ." ಅವಳು ಬ್ಯಾಗು ತೆರೆದು ತೋರಿಸಿದಳು. ತೆಂಗಿನಕಾಯಿ, ಹಸಿರು ಬಳೆ, ಒಂಟಿ ಚಪ್ಪಲಿ, ಯಾರದೋ ಕಾರಿನ ಕೀ. "ಬರಿಗೈಲಿ ಬರಬಾರ್ದು ಅಂತ ಇದ್ದಿದ್ದೆಲ್ಲ ತಂದಿವ್ನಿ."

ಲಹರಿ ಅಡುಗೆಮನೆಗೆ ಓಡಲು ತಿರುಗಿದಳು. "ನಾನೇ ಕೊಡ್ತೀನಿ ಇರಿ, ಕುಂಕುಮದ ಭರಣಿ ಎಲ್ಲಿದೆ ಅಂತ ಗೊತ್ತು."

"ನಿನ್ನ ಕೈ ಚಿನ್ನ ಕಣ್ ಮಗ," ಎಂದಳು ಕಾವೇರಿ. "ಆದ್ರೆ ಕರೆದೋರ ಕೈಲೇ ತಗಬೇಕು. ನಿಮ್ಮಜ್ಜೀನ ಕರಕಂಬಾ."

ಮಕ್ಕಳು ಅದೇ ಬಸ್ಸಿನಲ್ಲಿ ವಾಪಸಾದರು. ಬೆಟ್ಟದ ಮೇಲೆ ಹುಡುಕಾಟ ಎದ್ದಿತ್ತು. ಲಹರಿಯ ಅಮ್ಮ ಮಾಲವಿಕಾ ಮೊದಲು ಒಂದು ಏಟು ಕೊಟ್ಟು, ಆಮೇಲೆ ತಬ್ಬಿಕೊಂಡರು. ಲಹರಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಮೆಟ್ಟಿಲ ಮೇಲೆ ಕೂತಿದ್ದ ಅಜ್ಜಿಯ ಮುಂದೆ ನಿಂತೇ ಹೇಳಿದಳು.

ಶಾರದಮ್ಮ ತಲೆಯೆತ್ತಿದರು. ತುಟಿ ಅಲುಗಿತು. ಎಲ್ಲರೂ ಉಸಿರು ಹಿಡಿದು ಬಗ್ಗಿದರು.

"ಕುಡಿಯಕ್ಕೆ ಏನಾದ್ರೂ ಕೊಟ್ಯೇನೇ ಅವರಿಗೆ?"

ಲಹರಿ ಅಜ್ಜಿಯ ಕುತ್ತಿಗೆಗೆ ಜೋತುಬಿದ್ದಳು.

"ಯಾರಿಗೆ ಅತ್ತಿಗೆ? ನೀರಿಗಾ?" ಎಂದರು ದೊರೆಸ್ವಾಮಿ.

"ಮನೆಗೆ ಬಂದೋರಿಗೆ," ಎಂದರು ಶಾರದಮ್ಮ.

ದೊರೆಸ್ವಾಮಿಯವರಿಗೆ ಈಗ ಸಮಿತಿ ನೆನಪಾಯಿತು. "ಹಾಗಾದ್ರೆ ವಿಷಯ ಸುಲಭವಾಯ್ತು. ಮುತ್ತೈದೆಯರ ಒಂದು ನಿಯೋಗ ಕಳಿಸೋಣ. ಅರಿಶಿನ ಕುಂಕುಮ ಕೊಟ್ಟು ಕೈ ಮುಗಿದು ಬಂದುಬಿಡ್ಲಿ. ಅತ್ತಿಗೆ, ನೀವು ಆರಾಮಾಗಿ ಇಲ್ಲೇ ಇರಿ. ನೀವು... ಅದು... ನಿಮಗೆ ಗೊತ್ತಲ್ಲ."

ಶಾರದಮ್ಮನವರಿಗೆ ಗೊತ್ತಿತ್ತು. ಗಂಡ ಹೋದ ಮೇಲೆ ಅವರು ಯಾರಿಗೂ ಕುಂಕುಮ ಕೊಟ್ಟಿರಲಿಲ್ಲ. ಬೇಡ ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ತಟ್ಟೆ ತಮ್ಮ ಮುಂದೆ ಬರುವ ಹೊತ್ತಿಗೆ ಎಲ್ಲರೂ ಬೇರೆ ಏನೋ ಮಾತಾಡತೊಡಗುತ್ತಿದ್ದರು, ಅಷ್ಟೇ. ಇದು ನಮ್ಮೂರಿನ ಮರ್ಯಾದೆ. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ.

ನಿಯೋಗ ರೇಷ್ಮೆ ಸೀರೆಯುಟ್ಟು, ತಟ್ಟೆ ಹಿಡಿದು, ಮಾಲವಿಕಾರ ಮುಂದಾಳತ್ವದಲ್ಲಿ ಇಳಿದುಹೋಯಿತು. ಸ್ವಲ್ಪ ಹೊತ್ತಿಗೆ ತುಂಬಿದ ತಟ್ಟೆಗಳ ಸಮೇತ ಹಿಂದಕ್ಕೆ ಬಂತು. ಕಾವೇರಿ ಎದ್ದು ನಿಂತು, ಪ್ರತಿಯೊಬ್ಬರಿಗೂ ಕೈ ಮುಗಿದು, "ಕರೆದೋರು ಬರ್ಲಿ" ಎಂದು ಮತ್ತೆ ಕುರ್ಚಿಯ ತುದಿಯಲ್ಲಿ ಕೂತಳಂತೆ.

"ನಾನು ಬರೋ ಹಾಗಿಲ್ಲ ಪುಟ್ಟ," ಎಂದರು ಶಾರದಮ್ಮ ಲಹರಿಗೆ, ಮೆಲ್ಲಗೆ. "ಅವತ್ತು ಸ್ನಾನಘಟ್ಟದಲ್ಲಿ ಎಲ್ಲರೂ ಮುಂದೆ ನಿಂತು ಮೊರದ ಬಾಗಿನ ಬಿಟ್ರು. ನಾನು ಹಿಂದೆ ನಿಂತಿದ್ದೆ. ಕೈಯಲ್ಲಿ ಕೊಡೋದಕ್ಕೆ ಏನೂ ಇರಲಿಲ್ಲ. ಬಾಯಲ್ಲಿ ಮಾತು ಇತ್ತಲ್ಲ, ಅದಕ್ಕೆ ಕರೆದೆ. ನೀರು ಬೀದಿಗೆ ಬಂದಾಗಲೇ ಅವರೇ ಅಂತ ಗೊತ್ತಾಯ್ತು, ಬಾಗಿಲು ತೆಗೆದಿಟ್ಟು ಬಂದೆ. ಕರೆಯಕ್ಕೆ ಗೊತ್ತು, ಕುಂಕುಮ ಕೊಟ್ಟು ಕಳಿಸೋ ಯೋಗ್ಯತೆ ಇಲ್ಲ. ಊರೆಲ್ಲ ಮುಳುಗಿಸಿ ಕೂತಿದೀನಿ. ಇನ್ನು ಯಾವ ಬಾಯಲ್ಲಿ ಮಾತಾಡಲಿ?"

ಆಗ ಅನುಪಮಾ ಕೇಳಿದಳು. ಅವಳಿಗೆ ಅದು ಬೇರೆಲ್ಲ ಪ್ರಶ್ನೆಗಳ ಹಾಗೇ ಒಂದು ಪ್ರಶ್ನೆ.

"ಯಾಕೆ ಕೊಡಬಾರ್ದು? ನಮ್ಮಜ್ಜಿ ಪುಟ್ಟಲಿಂಗಮ್ಮ ಇಟ್ಕಂಡವ್ರೆ ನೋಡಿ, ಇಷ್ಟಗಲ. ನಮ್ಮ ತಾತನೂ ಇಲ್ಲ. ಅಳಿಸಾಕೆ ಬಂದೋರಿಗೆಲ್ಲ ಅಜ್ಜಿ ಬಯ್ದು ಓಡಿಸಿದ್ರಂತೆ."

ಪಕ್ಕದ ಬಂಡೆಯಿಂದ ಪುಟ್ಟಲಿಂಗಮ್ಮ ತಲೆಯಾಡಿಸಿದರು. "ನನ್ನ ಅಣೆ, ನನ್ನ ಕುಂಕುಮ. ಇವರದೇನು ಅದರಲ್ಲಿ?"

ದೊರೆಸ್ವಾಮಿ ಕೆಮ್ಮಿದರು. ಶಾರದಮ್ಮ ಪುಟ್ಟಲಿಂಗಮ್ಮನವರ ಹಣೆಯನ್ನು ಬಹಳ ಹೊತ್ತು ನೋಡಿದರು. ಲಹರಿ ಅಜ್ಜಿಯ ಕೈ ಹಿಡಿದು ಎಳೆದಳು.

"ನೀನು ಬರದಿದ್ರೆ ನಾನೂ ಇವತ್ತಿಂದ ಮಾತಾಡಲ್ಲ," ಎಂದು ತುಟಿ ಬಿಗಿದಳು.

"ಸರಿ ಕಣೇ, ಬಂದೆ," ಎಂದು ಶಾರದಮ್ಮ ಮಂಡಿ ಹಿಡಿದುಕೊಂಡು ಎದ್ದರು. "ಕುಂಕುಮದ ಮಾತು ಬೇಡ. ಒಂದು ಲೋಟ ಕಾಫಿ ಆದ್ರೂ ಕೊಟ್ಟು, ತಪ್ಪಾಯ್ತು ಅಂತ ಕೇಳ್ಕೊಂಡು ಬರ್ತೀನಿ."

ಅಜ್ಜಿ ಮನೆಯ ಹೊಸಲು ದಾಟಿದ್ದೇ ತಡ, ಕಾವೇರಿ ಎದ್ದು ಬಂದು ಎರಡೂ ಕೈ ಹಿಡಿದುಕೊಂಡಳು. "ಬಂದ್ರಾ ಸಾರದಮ್ಮೋರೇ!" ಶಾರದಮ್ಮನವರಿಗೆ ಅಳು, ಸಂಕೋಚ ಎರಡೂ ಒಟ್ಟಿಗೆ ಬಂದು, "ಕೂತ್ಕೊಳ್ಳಿ, ಕೂತ್ಕೊಳ್ಳಿ, ಒರಗಿ ಕೂತ್ಕೊಳ್ಳಿ, ಬೆನ್ನು ನೋಯಲ್ವೇನ್ರೀ ಹಾಗೆ ಕೂತ್ರೆ, ಇಷ್ಟು ದಿನದಿಂದ..." ಎಂದು ಒಂದೇ ಸಮನೆ ಹೇಳುತ್ತ ಒಣಗಿದ ಅಡುಗೆಮನೆಗೆ ನುಗ್ಗಿದರು. ಮಾತು ಹೋದ ಹಾಗೇ ಬಂದುಬಿಟ್ಟಿತ್ತು. ಒಲೆಯ ಜೊತೆ ಒಂದಿಷ್ಟು, ಡಬ್ಬದ ಹಾಲಿನ ಪುಡಿಯ ಜೊತೆ ಒಂದಿಷ್ಟು ಮಾತಾಡಿಕೊಂಡು ಕಾಫಿ ಬೆರೆಸಿ ತಂದರು.

ಕಾವೇರಿ ಕಾಫಿ ಕುಡಿದಳು. ಗಂಟಲಿಂದ ಎದೆಗೆ, ಎದೆಯಿಂದ ಸೆರಗಿಗೆ ಕಂದು ಬಣ್ಣ ಇಳಿಯಿತು. ಬಾಗಿಲು ದಾಟಿ ಬೀದಿಗೆ ಹೋಯಿತು, ಅರಮನೆ ದಾಟಿ ದೇವರಾಜ ಮೊಹಲ್ಲಾದ ಅಂಗಡಿ ಸಾಲಿನವರೆಗೆ ಹಬ್ಬಿತು. ಬೆಟ್ಟದ ಮೇಲಿದ್ದ ಜನ ಇಡೀ ಊರಿನಿಂದ ಕಾಫಿಯ ಘಮ ಬರುವುದನ್ನು ಮೂಸಿ ನೋಡಿ, ಯಾರ ಮನೆಯಲ್ಲಿ ಎಂದು ಒಬ್ಬರನ್ನೊಬ್ಬರು ಕೇಳಿಕೊಂಡರು.

"ಚಿಕೋರಿ ಜಾಸ್ತಿ ಆಯ್ತೇನೋ," ಎಂದರು ಶಾರದಮ್ಮ.

"ಇಲ್ಲ ಕಣ್ರವ್ವ. ನಾನು ಉಟ್ಟಿ ಬೆಳೆದಿದ್ದೇ ಕಾಫಿ ತೋಟದ ಸೀಮೇಲಿ. ನಂಗೆ ಗೊತ್ತಾಗಾಕಿಲ್ವಾ? ಪಸಂದಾಗದೆ."

ಲೋಟ ಕೆಳಗಿಟ್ಟ ಕಾವೇರಿ ಏಳುವ ಹಾಗೆ ಸೆರಗು ಸರಿಮಾಡಿಕೊಂಡಳು. ಆದರೆ ಏಳಲಿಲ್ಲ. ಶಾರದಮ್ಮ ನೆಲ ನೋಡಿದರು. ಲಹರಿ ಅಡುಗೆಮನೆಗೆ ಹೋಗಿ, ಉಪ್ಪಿನಕಾಯಿ ಜಾಡಿಯ ಹಿಂದೆ ತಳ್ಳಿಟ್ಟಿದ್ದ ಬೆಳ್ಳಿಯ ಭರಣಿ ತಂದು ಅಜ್ಜಿಯ ಕೈಯಲ್ಲಿಟ್ಟಳು. ಅಜ್ಜಿ ಅದರ ಮುಚ್ಚಳ ತೆಗೆಯಲಿಲ್ಲ.

"ನಿಮಗೆ ನನ್ನ ವಿಷಯ ಗೊತ್ತಿಲ್ಲ ಅಂತ ಕಾಣುತ್ತೆ," ಎಂದರು ಶಾರದಮ್ಮ. "ನಮ್ಮ ಯಜಮಾನರು ಹೋಗಿ..."

"ಗೊತ್ತು. ಅವರ ಅಸ್ತಿ ನಂಗೇ ಬುಟ್ರಲ್ಲ, ನಾನೇ ತಗಂಡೋಗಿ ತಲುಪಿಸ್ದೆ," ಎಂದಳು ಕಾವೇರಿ. "ನನ್ನ ವಿಷಯ ಕೇಳಿ. ಸಮುದ್ರರಾಜ ನನ್ನ ಗಂಡ ಅಂತಾರೆ. ಎಷ್ಟೋ ಬ್ಯಾಸ್ಗೇಲಿ ಅವನ ಮುಖ ನೋಡಾಕೂ ಆಗಿಲ್ಲ ನಂಗೆ. ದಾರೀಲೇ ಎಲ್ಲಾರೂ ಬಗ್ಗಿಸ್ಕಂಡು, ಮರಳಲ್ಲೇ ಒಣಗೋಗಿವ್ನಿ. ಆಗ ನನಗೆ ಗಂಡ ಅವ್ನಾ ಇಲ್ವಾ ಅಂತ ಯಾರಾದ್ರೂ ಕೇಳಿದ್ರಾ? ಬಾಗಿನ ಕೊಡೋದು ನಿಲ್ಲಿಸಿದ್ರಾ? ಬುಡಿ ಸಾರದಮ್ಮೋರೇ. ಕರೆದಿದ್ದು ನೀವು. ಕೈ ಚಾಚಿ."

ಶಾರದಮ್ಮ ಮೂರು ಬೆರಳಲ್ಲಿ ಕುಂಕುಮ ತೆಗೆದು ಕಾವೇರಿಯ ಹಣೆಗೆ ಇಟ್ಟರು. ನೀರಿನ ಮೇಲೆ ಕುಂಕುಮ ನಿಲ್ಲುತ್ತದೆಯೇ ಎಂದು ಕೇಳುವವರು ಇಲ್ಲಿಗೇ ಎದ್ದುಹೋಗಬಹುದು. ನಿಂತಿತು. ಅರಿಶಿನ ಕೊಟ್ಟರು, ತಾಂಬೂಲ ಕೊಟ್ಟರು. ಕಾವೇರಿ ಅದೇ ಭರಣಿಗೆ ಬೆರಳದ್ದಿ, ಕೇಳದೆ, ಶಾರದಮ್ಮನವರ ಹಣೆಗೂ ಒಂದು ಇಟ್ಟಳು. ತಣ್ಣನೆಯ ಬೆರಳು. ಒಂದು ಹನಿ ಮೂಗಿನ ಮೇಲೆ ಇಳಿಯಿತು. ಶಾರದಮ್ಮ ಅದನ್ನು ಒರೆಸಿಕೊಳ್ಳಲಿಲ್ಲ.

ಕಾವೇರಿ ಎದ್ದಳು. ಬೀದಿಯಲ್ಲಿ ಅರಮನೆ ನೋಡಿ ಬಂದ ಅಕ್ಕತಂಗಿಯರು ಸಾಲಾಗಿ ನಿಂತಿದ್ದರು. ಅವರಿಗೂ ಕುಂಕುಮ ಆಯಿತು, ಕಪಿಲೆಗೆ ಸ್ವಲ್ಪ ಜಾಸ್ತಿಯೇ. ಕಾವೇರಿ ರಂಗೋಲಿ ತುಳಿಯದೆ ಹೊಸಲಾಚೆ ಒಂದು ಕಾಲಿಟ್ಟು ನಿಂತಳು. ಮುಖ ತಿರುಗಿಸಿ ಕಾದಳು.

ಅಷ್ಟರಲ್ಲಿ ಇಡೀ ಸಮಿತಿ ನೀರಿಗಿಳಿದು ಮನೆಯ ಮುಂದೆ ಬಂದಿತ್ತು. ದೊರೆಸ್ವಾಮಿ ಗೇಟು ಹಿಡಿದುಕೊಂಡು ಕೂಗಿದರು: "ಅತ್ತಿಗೆ! ಕಾಲಿಗೆ ಬೀಳ್ತೀನಿ, 'ಹೋಗಿ ಬನ್ನಿ' ಅಂತ ಮಾತ್ರ ಅನ್ಬೇಡಿ! ಮತ್ತೆ ಬಂದ್ಬಿಡ್ತಾರೆ!"

ಆಗ ಎಲ್ಲರಿಗೂ ಸಂಕಟ ಗೊತ್ತಾಯಿತು. 'ಹೋಗಿ ಬನ್ನಿ' ಅನ್ನಿಸಿಕೊಳ್ಳದೆ ಯಾವ ಅತಿಥಿ ಹೊಸಲು ದಾಟುತ್ತಾನೆ? ಅನ್ನಿಸಿಕೊಂಡರೆ ಈಕೆ ನಿಜವಾಗಿಯೂ ಬರುವವಳು.

"ಹಾಗಾದ್ರೆ ಏನನ್ನಲಿ?" ಎಂದರು ಶಾರದಮ್ಮ.

"ಬರೀ 'ಹೋಗಿ' ಅಂದ್ಬಿಡಿ."

ಬೀದಿಗೆ ಬೀದಿಯೇ ದೊರೆಸ್ವಾಮಿಯವರನ್ನು ನೋಡಿತು. ಮೀನುಗಳೂ ನೋಡಿದವು. ಮನೆಗೆ ಬಂದವರಿಗೆ 'ಹೋಗಿ' ಅನ್ನುವುದೇ? ದೊರೆಸ್ವಾಮಿ ಗೇಟಿನ ಹಿಂದೆ ಸ್ವಲ್ಪ ಕುಗ್ಗಿದರು. ಕಾವೇರಿ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟುಕೊಂಡು ನಿಂತೇ ಇದ್ದಳು. ಲಹರಿಗೆ ಅಜ್ಜಿಯ ಮುಖ ನೋಡಿ ಹೆದರಿಕೆಯಾಯಿತು. ಮಾತು ಮತ್ತೆ ನಿಂತುಹೋದರೆ?

ಶಾರದಮ್ಮ ಹಣೆ ಮುಟ್ಟಿ ನೋಡಿಕೊಂಡರು. ಕುಂಕುಮ ಇನ್ನೂ ಒದ್ದೆಯಾಗಿತ್ತು.

"ಈ ಸಲ ನೀವು ಬಂದ್ರಿ," ಎಂದರು. "ಮುಂದಿನ ಸಲ ನಾನೇ ಬರ್ತೀನಿ. ನೀವು ಮನೇಲೇ ಇರಿ."

ಕಾವೇರಿ ನಕ್ಕಳು. ಊರಿನ ನೀರೆಲ್ಲ ಒಮ್ಮೆ ಅಲುಗಿ, ಚರ್ಚಿನ ಗಂಟೆ ತಾನಾಗಿ ಒಂದು ಸಲ ಬಡಿದುಕೊಂಡಿತು. "ಬರಬೇಕು ಮತ್ತೆ. ಬಾಯಿಮಾತಿಗೆ ಅನ್ಬಾರ್ದು."

"ಬಾಯಿಮಾತಿಗೆ ನಾನು ಯಾವತ್ತೂ ಅಂದಿಲ್ಲ."

"ಬಂದಾಗ ಇಂದುಗಡೆ ನಿಂತ್ಕಬೇಡಿ, ನಂಗೆ ಕಾಣಾಕಿಲ್ಲ," ಎಂದು ಹೇಳಿ ಕಾವೇರಿ ಇನ್ನೊಂದು ಕಾಲನ್ನೂ ಹೊರಗಿಟ್ಟಳು.

ಸಂಜೆಯ ಹೊತ್ತಿಗೆ ಊರು ಊರಾಗಿತ್ತು. ಜವರಯ್ಯನ ಬಸ್ಸಿನಿಂದ ಮೀನುಗಳು ಕೊನೆಯ ಸ್ಟಾಪಿನಲ್ಲಿ ಇಳಿದು ನೀರಿನ ಜೊತೆ ಹೋದವು. ಜಲನಿವಾರಣಾ ಸಮಿತಿ ತನ್ನ ಯಶಸ್ಸಿಗಾಗಿ ತನ್ನನ್ನೇ ಅಭಿನಂದಿಸಿಕೊಂಡು ದೊರೆಸ್ವಾಮಿಯವರಿಗೆ ಶಾಲು ಹೊದಿಸಿತು. ಶಾರದಮ್ಮನವರ ಮನೆಯಲ್ಲಿ ಅವತ್ತು ಶುರುವಾದ ಮಾತು ಇನ್ನೂ ನಿಂತಿಲ್ಲ. ಮಾಲವಿಕಾ ಒಮ್ಮೊಮ್ಮೆ ಕಿವಿಗೆ ಹತ್ತಿ ಇಟ್ಟುಕೊಳ್ಳುತ್ತಾರೆ, ಲಹರಿ ಇಟ್ಟುಕೊಳ್ಳುವುದಿಲ್ಲ.

ಗೌರಿ ಹಬ್ಬ ಬಂತು. ಶ್ರೀರಂಗಪಟ್ಟಣದ ಸ್ನಾನಘಟ್ಟದಲ್ಲಿ ಹೆಂಗಸರು ಮೊರದ ಬಾಗಿನ ಹಿಡಿದು ನಿಂತಿದ್ದರು. ನಾವು ಮೈಸೂರಿನವರು ಬಹಳ ಜನ ಹೋಗಿದ್ದೆವು. ಯಾರೂ ಬಾಯಿ ಬಿಡುತ್ತಿರಲಿಲ್ಲ, ಅಪ್ಪಿತಪ್ಪಿ ಏನಾದರೂ ಅಂದುಬಿಟ್ಟೇವು ಎಂಬ ಭಯ. ಶಾರದಮ್ಮ ಒಂದು ಕಡೆ ಲಹರಿಯನ್ನೂ ಇನ್ನೊಂದು ಕಡೆ ಪುಟ್ಟಲಿಂಗಮ್ಮನವರನ್ನೂ ಹಿಡಿದುಕೊಂಡು, ಹಣೆಯ ತುಂಬ ಕುಂಕುಮವಿಟ್ಟು, ಹಿಂದಿನಿಂದ ಬಂದರು. ಸಾಲಿನ ಹೆಂಗಸರು ಅಭ್ಯಾಸಬಲದಿಂದ ಬೇರೆ ಏನೋ ಮಾತಾಡಲು ಶುರುಮಾಡಿದರು. ಮಾತಾಡಲು ಏನೂ ಸಿಗದೆ ಸುಮ್ಮನಾದರು. ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು.

ಅಜ್ಜಿ ಕೊನೆಯ ಮೆಟ್ಟಿಲಿಗೆ ಇಳಿದು, ಸೀರೆಯ ನೆರಿಗೆ ಒದ್ದೆಯಾಗುವಷ್ಟು ಮುಂದೆ ಹೋಗಿ ನಿಂತರು. ಮೊರವನ್ನು ನೀರಿನ ಮೇಲಿಟ್ಟರು.

"ಬಂದೆ ಕಣ್ರೀ," ಎಂದರು.

ನೀರು ಒಂದು ಮೆಟ್ಟಿಲು ಮೇಲೆ ಬಂದು ಅವರ ಕಾಲು ತೊಳೆಯಿತು.